ಹಗೇವಿನ ಮೇಲೆ ಹಾಕಿದ ಪಾಯ

ನನ್ನ ಅತ್ತೆ ಗುರುಬಸವ್ವನಿಗೆ ಹೇಸಿಗೆ ಬಾರದಂಥ ವಸ್ತು ಈ ಭೂಮಿಯ ಮೇಲೆ ಇರಲಿಲ್ಲ. ಬಸ್ಸಿನ ಸೀಟು, ಸಂತೆಯಿಂದ ಬಂದ ನೋಟು, ಬೇರೆಯವರ ಮನೆಯ ಚಹಾ, ಮದುವೆಯಲ್ಲಿ ಕೈಯಿಂದ ಬಡಿಸಿದ ಬುಂದಿ, ಕಟಿಂಗ್ ಮಾಡಿಸಿಕೊಂಡು ಬಂದ ಸ್ವಂತ ಮಗ, ಯಾವುದು ಎದುರಾದರೂ ಸೆರಗು ಮೂಗಿಗೆ ಹೋಗುತ್ತಿತ್ತು. ೧೯೯೩ರಲ್ಲಿ ನಾನು ರಾಮದುರ್ಗದಿಂದ ಮುರಗೋಡಕ್ಕೆ ಸೊಸೆಯಾಗಿ ಬಂದ ದಿನ, ನನ್ನ ತವರಿನ ಟ್ರಂಕನ್ನು ಒಳಗೆ ಬಿಡದೆ ಹಿತ್ತಲಕ್ಕೆ ಒಯ್ಯಿಸಿ, ಅದರ ತಳವನ್ನು ಹುಣಸೆಹಣ್ಣು ಹಚ್ಚಿ ತಿಕ್ಕಿಸಿದಳು. "ಬಸ್ಸಿನ ಟಾಪಿನ ಮ್ಯಾಲ ಏನೇನ ಇಟ್ಟಿರತಾರೋ ಯಾರಿಗೆ ಗೊತ್ತ," ಎಂದಳು. ತಿಕ್ಕಿದವಳು ನಾನೇ. ಹಸಿರು ಸೀರೆ, ಕೈತುಂಬ ಬಳೆ, ಮೈಯೆಲ್ಲ ಹುಳಿನೀರು. ಈ ಮನೆಯ ಮೇಲೆ ನನಗೆ ಅರ್ಧ ಜಿಗುಪ್ಸೆ ಆ ದಿನವೇ ಬಂದಿತ್ತು. ಉಳಿದರ್ಧ ಬರಲು ಆರು ವರ್ಷ ಹಿಡಿಯಿತು.

ಊರು ಮಾತ್ರ ಅವಳನ್ನು ಕೊಂಡಾಡುತ್ತಿತ್ತು. "ಗುರುಬಸವ್ವನ ಹಿತ್ತಲದಾಗ ಎಲಿ ಹಾಸದ ಉಣಬಹುದು" ಎಂಬ ಮಾತು ನಮ್ಮ ಓಣಿಯಿಂದ ಸಂತೆಯವರೆಗೆ ಹಬ್ಬಿತ್ತು. ಮಾತು ಸುಳ್ಳಲ್ಲ. ಲಿಂಬಿ ಗಿಡ, ಕರಿಬೇವು, ಸೇವಂತಿಗೆ, ಒಂದು ಸಾಲು ಬದನೆ, ಎಲ್ಲದರ ಬುಡವೂ ಆಗಷ್ಟೇ ಗುಡಿಸಿದ ಹಾಗೆ ಇರುತ್ತಿತ್ತು. ಉದುರಿದ ಎಲೆ ಮಧ್ಯಾಹ್ನದವರೆಗೆ ನೆಲದ ಮೇಲೆ ಉಳಿದದ್ದನ್ನು ನಾನು ನೋಡಿಲ್ಲ. ಹೊಸ ಸೊಸೆಯರನ್ನು ತಂದವರು ಅವರನ್ನು ನಮ್ಮ ಹಿತ್ತಲಕ್ಕೆ ಕರೆತಂದು ತೋರಿಸಿ ಹೋಗುತ್ತಿದ್ದರು. ಆ ಹೆಸರೇ ಅತ್ತೆಯ ಆಸ್ತಿ. ಮೈಮೇಲಿನ ಬಂಗಾರ ಹೋದರೂ ಅವಳು ಸಹಿಸುತ್ತಿದ್ದಳು, ಆ ಹೆಸರಿಗೆ ಕಲೆ ಬೀಳುವುದನ್ನು ಸಹಿಸುತ್ತಿರಲಿಲ್ಲ.

ಈ ರೋಗ ಅವಳಿಗೆ ಎಲ್ಲಿಂದ ಹತ್ತಿತು ಎಂಬುದು ನನಗೆ ತಡವಾಗಿ ತಿಳಿಯಿತು. ಅವಳ ತವರು ಕಿತ್ತೂರಿನ ಹತ್ತಿರ, ಹೈವೇ ಬದಿಯಲ್ಲಿ. ತಂದೆ ಅಲ್ಲಿ ಲಾರಿಯವರಿಗೆ ಚಹಾ, ಊಟದ ಅಂಗಡಿ ಇಟ್ಟಿದ್ದ. ಪರಕಾರ ಲಂಗದ ವಯಸ್ಸಿನಿಂದ ಅವಳು ಮಾಡಿದ್ದು ಒಂದೇ ಕೆಲಸ, ಲಾರಿಯವರ ಎಂಜಲು ತಟ್ಟೆ ತೊಳೆಯುವುದು, ಅವರು ಮೇಜಿನ ಕೆಳಗೆ ಬಿಟ್ಟ ಬಾಟಲಿ ಆರಿಸುವುದು. ಮುರಗೋಡದ ಗಂಡು ಗೊತ್ತಾದಾಗ ಹಿರಿಯರು "ಹುಡುಗ ಚಹಾ ಸೈತ ಕುಡಿಯೂದಿಲ್ಲ" ಎಂದಿದ್ದರಂತೆ. ಆ ಒಂದು ಮಾತಿಗೆ ಅವಳು ಹೂಂ ಎಂದು ಬಂದವಳು.

ಹುಡುಗ ಚಹಾ ಕುಡಿಯುತ್ತಿರಲಿಲ್ಲ, ನಿಜ. ಆ ಹುಡುಗನೇ ನನ್ನ ಮಾವ ಕಾಡಪ್ಪನವರು. ಅವರನ್ನು ನಾನು ಬಹುವಚನದಲ್ಲಿ ಬರೆಯುತ್ತಿದ್ದೇನೆ, ಊರು ಹಾಗೆ ಕರೆಯುತ್ತಿತ್ತು ಎಂಬ ಕಾರಣಕ್ಕೆ. ಆ ಮರ್ಯಾದೆ ಊರಿನದು, ನನ್ನದೆಂದು ಯಾರೂ ತಿಳಿಯಬಾರದು. ಹಣೆತುಂಬ ವಿಭೂತಿ, ಇಸ್ತ್ರಿ ಮಾಡಿದ ಬಿಳಿ ಧೋತರ, ಭಜನೆಯವರ ಗುಂಪಿನಲ್ಲಿ ಹಾರ್ಮೋನಿಯಂ ಪಕ್ಕದ ಜಾಗ. ಸಾಲೆಯ ಹಾದಿಯಲ್ಲಿದ್ದ ಸಾರಾಯಿ ಅಂಗಡಿಯನ್ನು ಎತ್ತಿಸಲು ನಾಲ್ಕು ಮಂದಿಯನ್ನು ಕಟ್ಟಿಕೊಂಡು ಓಡಾಡಿದವರು ಅವರೇ. ಹೊರಗೆ ಬಸಪ್ಪ, ಒಳಗೆ ವಿಷಪ್ಪ. ಬೈಲಹೊಂಗಲದ ಪ್ಯಾಟಿಗೆ ಹೋದಾಗಲೆಲ್ಲ ಧೋತರದ ಮಡಿಕೆಯಲ್ಲಿ ಚಪ್ಪಟೆ ಬಾಟಲಿ ತರುತ್ತಿದ್ದರು. ಭಜನೆ ಮುಗಿಸಿ ಬಂದು ದನದ ಕೊಟ್ಟಿಗೆಯಲ್ಲಿ ಕುಡಿದು, ಖಾಲಿ ಬಾಟಲಿಯನ್ನು ದನಗಳು ಮೇಯುವ ಗೋದಲಿಯ ಹಿಂದೆ ಬಿಟ್ಟು, ಬಾಯಲ್ಲಿ ಏಲಕ್ಕಿ ಹಾಕಿಕೊಂಡು ಮಲಗುತ್ತಿದ್ದರು. ಬೆಳಗ್ಗೆ ಬಾಟಲಿ ಅಲ್ಲಿ ಇರುತ್ತಿರಲಿಲ್ಲ. ಎಲ್ಲಿ ಹೋಯಿತು ಎಂದು ಅವರು ಒಂದು ದಿನವೂ ಕೇಳಲಿಲ್ಲ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದಂತೆ ಅವರ ಸಂಸಾರ ನಡೆದಿತ್ತು.

ಎಲ್ಲಿ ಹೋಗುತ್ತಿತ್ತು ಎಂಬುದನ್ನು ಈಗಲೇ ಹೇಳಿಬಿಡುತ್ತೇನೆ. ಒಗಟು ಕಟ್ಟಿ ಕೂರುವ ಚಟ ನನಗಿಲ್ಲ. ನಮ್ಮ ಹಿತ್ತಲದ ನೈಋತ್ಯ ಮೂಲೆಯಲ್ಲಿ, ಲಿಂಬಿ ಗಿಡದ ಹತ್ತಿರ, ಒಂದು ಹಳೆಯ ಹಗೇವು ಇತ್ತು. ಹಗೇವು ಎಂದರೆ ನೆಲದೊಳಗಿನ ಕಣಜ. ಗಟ್ಟಿ ಗರಸಿನ, ಅಂದರೆ ಜಲ್ಲಿಮಣ್ಣಿನ, ನೆಲದಲ್ಲಿ ಹಿರಿಯರು ತೋಡಿದ್ದು. ಬಾಯಿ ಒಬ್ಬರು ಇಳಿಯುವಷ್ಟು, ಹೊಟ್ಟೆ ಕೋಣೆಯಷ್ಟು. ಸುತ್ತ ಜೋಳದ ದಂಟು ಹಚ್ಚಿ, ಜೋಳ ಸುರಿದು, ಬಾಯಿಗೆ ಕಲ್ಲಿನ ಚಪ್ಪಡಿ ಮುಚ್ಚಿ ಮಣ್ಣು ಮೆತ್ತುತ್ತಿದ್ದರು. ಚೀಲ, ಗೋದಾಮು ಬಂದ ಮೇಲೆ ಅದು ಯಾರಿಗೂ ಬೇಡವಾಯಿತು. ತುಂಬಿಸುವ ಕೆಲಸವನ್ನು ಮಾವನವರು ಹಿಂದೆ ಎಂದೋ ವಹಿಸಿಕೊಂಡಿದ್ದರು. ಒಂದು ಬಂಡಿ ಬೂದಿ, ಸ್ವಲ್ಪ ಕೊಳೆತ ಹೊಟ್ಟು ಸುರಿದು ಚಪ್ಪಡಿ ಎಳೆದು "ತುಂಬೇನಿ" ಎಂದಿದ್ದರು. ಚಪ್ಪಡಿಯ ಒಂದು ಮೂಲೆ ಮುರಿದಿತ್ತು. ಆ ಸಂದಿನ ಮೇಲೆ ಅತ್ತೆ ಡಾಲ್ಡಾ ಡಬ್ಬಿಯಲ್ಲಿ ಕಾಮಕಸ್ತೂರಿ ಗಿಡ ಇಟ್ಟಿದ್ದಳು. ಗಿಡದ ಘಮಕ್ಕೆ ಹೆಂಗಸರು ಮರುಳಾಗಿ ಕುಡಿ ಚಿವುಟಿಕೊಂಡು ಹೋಗುತ್ತಿದ್ದರು. ಯಾರೂ ಇಲ್ಲದಾಗ ಅವಳು ಡಬ್ಬಿ ಸರಿಸಿ, ಸೆರಗಿನೊಳಗಿನ ಬಾಟಲಿಯನ್ನು ಆ ಸಂದಿನಿಂದ ಕೆಳಗೆ ಬಿಟ್ಟು, ಮತ್ತೆ ಡಬ್ಬಿ ಎಳೆಯುತ್ತಿದ್ದಳು. ರದ್ದಿ ಕೊಳ್ಳುವವನಿಗೆ ಹಾಕಿದರೆ ಅವನು ಮುಂದಿನ ಓಣಿಯಲ್ಲೇ ಹೇಳುತ್ತಾನೆ. ಗಿಡದ ಬುಡದಲ್ಲಿ ಹುಗಿದರೆ ನಾಯಿ ಕೆದರುತ್ತದೆ. ಗಂಡನ ಹೆಸರು, ತನ್ನ ಹೆಸರು, ಎರಡನ್ನೂ ಅವಳು ಆ ಸಂದಿನಲ್ಲಿ ಬಚ್ಚಿಟ್ಟಿದ್ದಳು. ಇದೆಲ್ಲ ನನಗೆ ಆಗ ಗೊತ್ತಿರಲಿಲ್ಲ, ಆಮೇಲೆ ಗೊತ್ತಾಯಿತು.

ಶೆಡ್ ಬೇಕೆಂದು ಹಟ ಹಿಡಿದವಳು ಅತ್ತೆಯೇ. ಔಷಧ ಹೊಡೆಯುವ ಪಂಪು, ಕೀಟನಾಶಕದ ಡಬ್ಬಿ, ಯೂರಿಯಾ ಚೀಲ, ಇಂಜಿನ್ನಿನ ಎಣ್ಣೆ ಎಲ್ಲ ಪಡಸಾಲೆಯಲ್ಲಿ, ದೇವರ ಜಗಲಿಯ ಗೋಡೆಗೆ ಆತು ಬಿದ್ದಿರುತ್ತಿದ್ದವು. "ಹಾಲಿಗೆ ಔಷಧದ ನಾತ ಬಡದೈತಿ. ಹಿತ್ತಲದಾಗ ಒಂದ ಶೆಡ್ ಹಾಕಿ ಇವನ್ನ ಹೊರಗ ಒಗೀರಿ," ಎಂದು ಅವಳು ನಾನು ಬಂದಾಗಿನಿಂದ ಹೇಳುತ್ತಿದ್ದಳು. ನನ್ನ ಗಂಡ ನಿಂಗರಾಜ ತಾಯಿಗೂ ಹೂಂ, ತಂದೆಗೂ ಹೂಂ ಎನ್ನುವ ಮನುಷ್ಯ. ಹೂಂ ಎಂದದ್ದನ್ನು ಮಾಡುವುದು ಅವನ ಜಾತಕದಲ್ಲಿ ಇಲ್ಲ. ೧೯೯೯ರ ಬೇಸಿಗೆಯಲ್ಲಿ ಯೂರಿಯಾ ಕರಗಿ ನೀರಾಗಿ ಜಗಲಿಯ ಕೆಳಗೆ ಹರಿದು ಬಂದ ಮೇಲೆ ಅವನು ಎದ್ದ.

ಎದ್ದವನು ಪಾಯ ಹಾಕುವ ಗೌಂಡಿಯನ್ನು ಕರೆಯುವ ಮೊದಲು ವಾಸ್ತು ನೋಡುವವನನ್ನು ಕರೆದ. ಆಗ ಎಲ್ಲರಿಗೂ ಅದೇ ಹುಚ್ಚು. ಬೈಲಹೊಂಗಲದಿಂದ ಎಂ-ಏಟಿ ಗಾಡಿಯ ಮೇಲೆ ಬಂದ ಆ ಮನುಷ್ಯ ಕಂಪಾಸು ಹಿಡಿದು ಹಿತ್ತಲದಲ್ಲಿ ಸುತ್ತಿದ. ಗುಟ್ಕಾ ಚೀಟಿ ಹರಿದು ಬಾಯಿಗೆ ಸುರುವಿಕೊಂಡು, ಖಾಲಿ ಚೀಟಿಯನ್ನು ಸೇವಂತಿಗೆ ಮಡಿಯಲ್ಲಿ ಬಿಟ್ಟು, ನೈಋತ್ಯ ಮೂಲೆಗೆ ಕೈ ಮಾಡಿದ. ಭಾರದ ಸಾಮಾನು ನೈಋತ್ಯಕ್ಕೇ ಇರಬೇಕು ಎಂದ. ಬೇರೆ ಯಾವ ಮೂಲೆಗೆ ಹಾಕಿದರೂ ಯಜಮಾನನ ಹೆಸರು ಕೆಡುತ್ತದೆ ಎಂದ. ಅವನು ಹೋದ ಮೇಲೆ ಅತ್ತೆ ಆ ಚೀಟಿಯನ್ನು ಎರಡು ಕಡ್ಡಿಯಿಂದ ಹಿಡಿದು ಎತ್ತಿದಳು. ಅವಳ ಮುಖ ಬೂದಿಯಾಗಿತ್ತು. ಗುಟ್ಕಾ ಚೀಟಿಯ ಹೇಸಿಗೆ ಎಂದುಕೊಂಡೆ ನಾನು.

"ಆ ಮೂಲಿ ಬ್ಯಾಡ್ರಿ," ಎಂದಳು ಮಾವನವರಿಗೆ. "ಅಲ್ಲೆ ಹಗೇವ ಐತಿ. ಬಾವಿ ಕಡೆ ಹಾಕೂನು."

"ಅದನ್ನ ನಾ ತುಂಬಿಸಿ ಯಾವ ಕಾಲ ಆತು," ಎಂದರು ಮಾವನವರು. "ಯಜಮಾನನ ಹೆಸರ ಕೆಡತೈತಿ ಅಂತ ಅಂವ ಹೇಳಿದ್ದ ಕೇಳಿಸಲಿಲ್ಲ ನಿನಗ?"

ಕೆಡಲು ಅವರಲ್ಲಿ ಏನು ಉಳಿದಿತ್ತೋ ಅತ್ತೆಗೆ ಮಾತ್ರ ಗೊತ್ತು. ಅವಳು ಗುಟ್ಕಾ ಚೀಟಿಯನ್ನು ಒಲೆಗೆ ಹಾಕಲು ಒಳಗೆ ಹೋದಳು.

ಗೌಂಡಿ ನೀಲಪ್ಪ ನಮ್ಮೂರಿನವನೇ, ಊರಿನ ಆಚೆ ತುದಿಯ ಕೇರಿಯವನು. ಕೆಲಸದಲ್ಲಿ ಗಡಿಬಿಡಿ ಇಲ್ಲ, ಮಾತಿನಲ್ಲಿ ಸೊಕ್ಕು ಉಂಟು. ನನಗೆ ಅವನ ಸೊಕ್ಕು ಹಿಡಿಸುತ್ತಿತ್ತು. ಅವನಿಗೆ ಚಹಾ ಕೊಡಲು ನಮ್ಮ ಮನೆಯಲ್ಲಿ ಬೇರೆ ಗಾಜಿನ ಗ್ಲಾಸು. ಅದು ಲಿಂಬಿ ಗಿಡದ ಕವಲಿನಲ್ಲಿ ಸಿಕ್ಕಿಸಿಟ್ಟಿರುತ್ತಿತ್ತು. ಕುಡಿದು ಅವನೇ ತೊಳೆದು ಅಲ್ಲಿಯೇ ಇಡಬೇಕು. ಅತ್ತೆ ಕಂಡಕಂಡದ್ದಕ್ಕೆಲ್ಲ ಹೇಸಿಕೊಳ್ಳುತ್ತಿದ್ದಳಲ್ಲ, ನನಗೆ ಹೇಸಿಗೆ ಬರುತ್ತಿದ್ದದ್ದು ಆ ಗ್ಲಾಸು ಕಂಡರೆ. ಮನೆಯವರ ಕೊಟ್ಟಿಗೆಯಲ್ಲಿ ನಡೆಯುವುದು ನಡೆಯುತ್ತಿತ್ತು, ಮೈಲಿಗೆ ಮಾತ್ರ ನೀಲಪ್ಪನದು.

ಅವನು ದಾರ ಕಟ್ಟಿ ಮೂಲೆ ಹಿಡಿದು, ಮೇಲಿನ ಸಡಿಲು ಮಣ್ಣನ್ನೆಲ್ಲ ತೆಗೆಸಿದ. ಬೇರು, ಕಸ, ಹುಲ್ಲಿನ ಗಡ್ಡೆ ಒಂದೂ ಒಳಗೆ ಉಳಿಯಬಾರದು, ಉಳಿದರೆ ಕೊಳೆತು ಅಷ್ಟು ಜಾಗ ಕೆಳಗೆ ಕೂರುತ್ತದೆ ಎಂದು ಆಳುಗಳಿಗೆ ಗದರುತ್ತಿದ್ದ. ಮೂರು ಕಡೆ ಗಟ್ಟಿ ನೆಲ ಹತ್ತಿತು. ನಾಲ್ಕನೆಯ ಕಡೆ ಚಪ್ಪಡಿ ಬಂತು. ಕಾಮಕಸ್ತೂರಿ ಡಬ್ಬಿಯನ್ನು ಅತ್ತೆ ಆವತ್ತು ಬೆಳಗ್ಗೆಯೇ ತೆಗೆದು, ಮುರಿದ ಸಂದಿಗೆ ಒಂದು ಕಲ್ಲು ಬಡಿದು ಹಸಿ ಮಣ್ಣು ಮೆತ್ತಿದ್ದಳು.

"ಚಪ್ಪಡಿ ಎತ್ತಿ ನೋಡೂನ್ರಿ, ಸಾವಕಾರ್ರ," ಎಂದ ನೀಲಪ್ಪ. "ತುಂಬಿದ್ರ ಚೊಲೋನ ಆತು. ಇಲ್ಲಂದ್ರ ಒಳಗಿಂದ್ ತಗದ, ಕಲ್ಲ, ಗರಸ ಹಾಕಿ ಬಡಕೋತ ಮ್ಯಾಲ ಬರೂನು. ಟೊಳ್ಳಿನ ಮ್ಯಾಲ ಪಾಯಾ ನಿಲ್ಲೂದಿಲ್ರಿ."

ಮಾವನವರಿಗೆ ಸಿಟ್ಟು ಬಂತು. "ನಾ ತುಂಬೇನಿ ಅಂದ ಮ್ಯಾಲ ಮುಗೀತು. ನನ್ನ ಮಾತ ಮ್ಯಾಲ ನಂಬಿಗಿ ಇಲ್ಲೇನ ನಿನಗ?"

ನೀಲಪ್ಪ ಕೈಯಲ್ಲಿ ಹಾರೆ ಹಿಡಿದುಕೊಂಡೇ ಅತ್ತೆಯ ಕಡೆ ನೋಡಿದ. ಹಗೇವಿನ ಮಾತು ತೆಗೆದವಳು ಅವಳೇ ಎಂದು ಅವನಿಗೆ ಗೊತ್ತಿತ್ತು. ಅವಳು ಒಂದು ಮಾತು ಆಡಿದ್ದರೆ ಸಾಕಿತ್ತು, ಚಪ್ಪಡಿ ಏಳುತ್ತಿತ್ತು. ಅವಳು ಸೆರಗಿನಿಂದ ಮೂಗು ಮುಚ್ಚಿಕೊಂಡಳು.

"ಇರಲಿ ಬಿಡೋ ನೀಲಪ್ಪಾ. ತುಂಬೇನಿ ಅಂತಾರಲ್ಲ," ಎಂದಳು.

ಪಾಯ ಕುಸಿದರೆ ಕುಸಿಯಲಿ, ಹೆಸರು ಉಳಿಯಲಿ ಎಂದು ಅವಳು ಲೆಕ್ಕ ಹಾಕಿದ್ದಳು. ಇಂಥ ಲೆಕ್ಕವನ್ನು ನಮ್ಮ ಕಡೆಯ ಹೆಂಗಸರು ಮಾತ್ರ ಹಾಕುತ್ತಾರೆ. ನೆನೆಸಿಕೊಂಡರೆ ಇವತ್ತಿಗೂ ನನಗೆ ಮೈಯುರಿ.

ಗರಸು ಬಂತು. ಒಂದು ಪದರ ಹರವಿ, ನೀರು ಹೊಡೆದು, ಆರಿದ ಮೇಲೆ ದಿಮ್ಮಸದಿಂದ ಬಡಿದು, ಮತ್ತೆ ಮೇಲೊಂದು ಪದರ. ದಿಮ್ಮಸವೆಂದರೆ ನೆಲ ಬಡಿಯುವ, ಉದ್ದ ಹಿಡಿಕೆಯ ಕಬ್ಬಿಣದ ಗುಂಡು. ಮೂರು ಕಡೆ ಅದು ಬಿದ್ದಾಗ ಸದ್ದು ನೆಲದೊಳಗೇ ಸಾಯುತ್ತಿತ್ತು. ಹಗೇವಿನ ಮೇಲೆ ಬಿದ್ದಾಗ ಡಬ್ ಎಂದು ತಿರುಗಿ ಬರುತ್ತಿತ್ತು. ಹಾಗೆ ಬಂದಾಗಲೆಲ್ಲ ನೀಲಪ್ಪ ಕೆಲಸ ನಿಲ್ಲಿಸಿ ಮಾವನವರ ಕಡೆ ನೋಡುತ್ತಿದ್ದ. ಅವರು ಕಟ್ಟೆಯ ಮೇಲೆ ಕುಳಿತು ಕಿವಿಯಲ್ಲಿ ಕಡ್ಡಿ ಆಡಿಸುತ್ತಿದ್ದರು. ಅಡಿಗೆಮನೆಯಲ್ಲಿ ಅತ್ತೆ ಅದೇ ಪಾತ್ರೆಯನ್ನು ಮತ್ತೆ ಮತ್ತೆ ತಿಕ್ಕುತ್ತಿದ್ದಳು.

ಪೂಜೆಯ ದಿನ ಭಜನೆಯವರೆಲ್ಲ ಬಂದರು. ನೆಲಕ್ಕೆ ಹಾಸುವ ಮೊದಲ ಪರಸಿ ಕಲ್ಲನ್ನು ಹಿರಿಯರ ಕೈಯಿಂದ ಇಡಿಸಬೇಕೆಂದು ಮಾವನವರ ಕೈಯಲ್ಲೇ ಇಡಿಸಿದರು. ಟವೆಲ್ ಹೊದಿಸಿದರು. ಮಾವನವರು ಅದನ್ನು ಹೊದ್ದುಕೊಂಡೇ ನಾಲ್ಕು ಮಾತು ಹೇಳಿದರು. ಮನೆಗಾಗಲಿ, ಮನುಷ್ಯನಿಗಾಗಲಿ ಪಾಯಾ ಗಟ್ಟಿ ಇರಬೇಕು, ಚಟ ಅನ್ನುವುದು ಪಾಯಕ್ಕೆ ಹತ್ತಿದ ಗೆದ್ದಲು ಇದ್ದಂತೆ, ಎಂದರು. ಎಲ್ಲರೂ ಗೋಣು ಹಾಕಿದರು. ಮಾವನವರು ನಿಂತಿದ್ದದ್ದು ನೆಟ್ಟಗೆ ಹಗೇವಿನ ಮೇಲೆ.

ಕಬ್ಬಿಣದ ಕಂಬ ನಿಂತವು, ತಗಡು ಏರಿತು. ಪಂಪು, ಡಬ್ಬಿ, ಯೂರಿಯಾ ಚೀಲ ಎಲ್ಲ ಅಲ್ಲಿಗೆ ಹೋದವು. ಅತ್ತೆ ಪಡಸಾಲೆಯನ್ನು ತೊಳೆದಳು. ಹದಿನೈದು ದಿನ ಮನೆಯಲ್ಲಿ ಒಳ್ಳೆಯ ಗಾಳಿ ಆಡಿತು.

ಆಮೇಲೆ ಮಳೆ ಹಿಡಿಯಿತು. ಎರಡು ದಿನ ಬಿಡದೆ ಬಿತ್ತು. ಮೂರನೆಯ ಬೆಳಗ್ಗೆ ನಾನು ಹಾಲು ಹಿಂಡಲು ಹೋದಾಗ ಶೆಡ್ಡಿನ ನೆಲ ಬುಟ್ಟಿಯಂತೆ ಒಳಗೆ ಕುಳಿತಿತ್ತು. ಹಳೆಯ ಚಪ್ಪಡಿ ಎರಡು ತುಂಡಾಗಿ, ಅದರ ಮೇಲಿನ ಪರಸಿಗಳು ಓರೆಯಾಗಿ, ಒಂದು ಯೂರಿಯಾ ಚೀಲ ತಲೆಕೆಳಗಾಗಿ ಅದರೊಳಗೆ ಸಿಕ್ಕಿಕೊಂಡಿತ್ತು. ನಾತ ಮಾತ್ರ ಹೇಳತೀರದು. ಕೊಳೆತ ಹೊಟ್ಟು, ನೆನೆದ ಬೂದಿ, ಸತ್ತ ಇಲಿ, ಅದರ ಮೇಲೆ ಕರಗಿದ ಯೂರಿಯಾ. ನಾನು ಅಲ್ಲೇ ಕರಿಬೇವಿನ ಬುಡಕ್ಕೆ ವಾಂತಿ ಮಾಡಿಕೊಂಡೆ. ಎಲೆ ಹಾಸದೆ ಉಣ್ಣಬಹುದಾಗಿದ್ದ ಹಿತ್ತಲದ ನಾತಕ್ಕೆ ಓಣಿಯ ಮಂದಿ ಮೂಗು ಹಿಡಿದುಕೊಂಡು ನಡೆದರು. ಗೋಡೆಯಾಚೆಯಿಂದ ನೆರೆಮನೆಯ ತಂಗೆವ್ವ, "ಯಾಕಬೇ ಗುರುಬಸವ್ವಾ, ನಿಮ್ಮ ಹಿತ್ತಲದಾಗ ಏನ ಸತ್ತೈತಿ?" ಎಂದು ಕೇಳಿದಳು. ವರ್ಷಗಟ್ಟಲೆ ಅತ್ತೆಯ ಸ್ವಚ್ಛತೆಯ ಉದಾಹರಣೆ ಕೇಳಿಸಿಕೊಂಡು ಬೆಂದವಳು ಅವಳು. ಆ ದಿನ ಅವಳ ದನಿಗೆ ಸಕ್ಕರೆ ಹತ್ತಿತ್ತು.

ಮಾವನವರು ಒಂದೇ ಮಾತು ಹಿಡಿದರು, ನೀಲಪ್ಪ ಕೆಲಸ ಕೆಡಿಸಿದ್ದಾನೆ ಎಂದು. ಸುಮ್ಮನೆ ಹೇಳಿದ್ದರೆ ಮುಗಿಯುತ್ತಿತ್ತು. ಅವರಿಗೆ ನಾಲ್ಕು ಜನರ ಎದುರು ಹೇಳಬೇಕಿತ್ತು. ಸೋಮವಾರ ಭಜನೆಯ ಹಿರಿಯರನ್ನು ಕರೆಸಿದರು. ಆ ಗುಂಪಿಗೆ ಅಮೋಘಸಿದ್ದಪ್ಪನೆಂಬ ವಯಸ್ಸಾದ ಮನುಷ್ಯ ದೊಡ್ಡವನು. ಅವನ ಮಾತನ್ನು ಮಾವನವರೂ ಮೀರುತ್ತಿರಲಿಲ್ಲ. ನೀಲಪ್ಪನನ್ನೂ ಕರೆಸಿದರು. ಅವನು ಎರಡು ಮಾತು ಆಡಲಿಲ್ಲ. ಪರಸಿ ಎತ್ತಿಸಿ, ಗರಸು ಸರಿಸಿ, ಚಪ್ಪಡಿಯ ತುಂಡುಗಳನ್ನು ಹಗ್ಗ ಹಾಕಿ ಎಳೆಸಿ ಹಗೇವಿನ ಬಾಯಿ ಬಿಚ್ಚಿದ. ಮುಚ್ಚಿದ ಹಗೇವಿನ ಉಸಿರು ಮನುಷ್ಯನನ್ನು ಕೊಲ್ಲುತ್ತದೆ ಎಂಬುದು ನಮ್ಮ ಕಡೆ ಎಲ್ಲರಿಗೂ ಗೊತ್ತು. ಅದಕ್ಕೆ ಮೊದಲು ಕಂದೀಲು ಕಟ್ಟಿ ಕೆಳಗೆ ಬಿಟ್ಟ. ಅದು ಆರಲಿಲ್ಲ, ನೆಲ ಕುಸಿದಾಗಿನಿಂದ ಗಾಳಿ ಆಡಿತ್ತು. ಕಂದೀಲಿನ ಬೆಳಕಿನಲ್ಲಿ ಎಲ್ಲರೂ ಬಗ್ಗಿ ನೋಡಿದರು.

ಬೂದಿ, ಹೊಟ್ಟಿನ ಕೆಸರಿನ ಮೇಲೆ ಬಾಟಲಿಗಳು ಮಿನುಗುತ್ತಿದ್ದವು. ಒಂದರ ಮೇಲೊಂದು, ಗೋಡೆಯಿಂದ ಗೋಡೆಗೆ.

ಮಾವನವರಿಗೆ ಆ ಗಳಿಗೆಯಲ್ಲೇ ತಿಳಿಯಿತು. ಅವರ ಮುಖ ನೋಡುತ್ತಿದ್ದ ನನಗೂ ಆಗಲೇ ತಿಳಿಯಿತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡಂತೆ ಅವರ ಕೈ ತಾನಾಗಿ ಬಾಯಿಗೆ ಹೋಯಿತು. ಆಮೇಲೆ ಅದೇ ಕೈಯನ್ನು ನೀಲಪ್ಪನ ಕಡೆ ಚಾಚಿದರು.

"ಇದು ನಿನ್ನ ಆಳುಗಳ ಕೆಲಸ," ಎಂದರು. "ಇಲ್ಲೇ ಕುಡದ ಒಳಗ ಒಗದ, ಮ್ಯಾಲ ಗರಸ ಮುಚ್ಚೀರಿ. ನನ್ನ ಹಿತ್ತಲಾನ ಹೊಲಸ ಮಾಡಿದ್ರಿ."

ಹಿರಿಯರು ಹೌದೆಂದು ಗೋಣು ಹಾಕಿದರು. ಇಷ್ಟು ಬಾಟಲಿಯನ್ನು ನಾಲ್ಕು ಆಳುಗಳು ನಾಲ್ಕು ದಿನದಲ್ಲಿ ಕುಡಿಯುವುದು ಹೇಗೆ ಎಂದು ಒಬ್ಬನೂ ಕೇಳಲಿಲ್ಲ. ನೀಲಪ್ಪನ ಕೇರಿಯ ಮೇಲೆ ಯಾವ ಮಾತು ಹೇಳಿದರೂ ನಂಬುವ ಮಂದಿ ಅವರು. "ಸುಮ್ನ ತಪ್ಪ ಒಪ್ಪಿಕೊಂಡ ಬಿಡು. ಇಳದ ಎಲ್ಲಾ ತಗಿ, ಮೊದಲಿಂದ ಹಾಕಿ ಕೊಡು," ಎಂದ ಒಬ್ಬ.

ನೀಲಪ್ಪ ಹಗ್ಗ ಕೆಳಗೆ ಒಗೆದ. "ನಾ ಗೌಂಡಿ ಅದೀನ್ರಿ. ಪಾಯಾ ಹಾಕಾಕ ಕರದ್ರಿ, ಹಾಕೇನಿ. ಚಪ್ಪಡಿ ಎತ್ತೂನು ಅಂದೆ, ಬ್ಯಾಡ ಅಂದ್ರಿ. ಇನ್ನೊಬ್ಬರ ಹೊಲಸ ತಗ್ಯಾಕ ನಾ ಇಳಿಯೂದಿಲ್ಲ. ಯಾರ ಒಗದಾರೋ ಅವರ ಇಳೀಲಿ."

ಅತ್ತೆ ಹಿತ್ತಲ ಬಾಗಿಲಲ್ಲಿ ನಿಂತಿದ್ದಳು, ಸೆರಗು ಮೂಗಿನ ಮೇಲೆ. ಅವಳು ಸುಮ್ಮನೆ ನಿಂತಿದ್ದರೆ ಎಲ್ಲ ಉಳಿಯುತ್ತಿತ್ತು, ಗಂಡನ ವಿಭೂತಿ, ತನ್ನ ಹಿತ್ತಲದ ಹೆಸರು, ಎಲ್ಲ. ಹೋಗುತ್ತಿದ್ದದ್ದು ನೀಲಪ್ಪನ ಹೆಸರು ಒಂದೇ. ಅವನಿಗಾಗಿ ಬೇರೆ ಗ್ಲಾಸು ಇಟ್ಟವಳಿಗೆ ಅದು ಎಷ್ಟರದು ಎಂದು ನಾನು ಒಳಗೇ ಕಹಿಯಾಗಿ ನಕ್ಕೆ. ಅವಳು ಮಾವನವರನ್ನು ನೋಡುತ್ತಿದ್ದಳು. ಚಾಚಿದ ಆ ಕೈಯನ್ನೇ ನೋಡುತ್ತಿದ್ದಳು. ನಾನು ಅವಳನ್ನು ಎಷ್ಟೋ ಹೇಸಿಗೆಗಳಲ್ಲಿ ನೋಡಿದ್ದೆ, ಆ ಮುಖ ಮಾತ್ರ ಹೊಸದು.

ಮೂಗಿನ ಮೇಲಿನ ಸೆರಗು ಇಳಿಯಿತು. ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಅವಳು ಗಂಡಸರ ನಡುವೆ ಬಂದಳು.

"ನೀಲಪ್ಪಗ ಏನೂ ಅನಬ್ಯಾಡ್ರಿ," ಎಂದಳು. "ಅವು ನಮ್ಮ ಮನಿವು. ನಾನ ಒಗದೇನಿ."

ಗೋಡೆಯಾಚೆಯಿಂದ ತಂಗೆವ್ವನ ದನಿ ಬಂತು. "ಯವ್ವಾ, ಹಂಗಾರ ನೀ ಕುಡೀತಿದ್ದೇನ ಗುರುಬಸವ್ವಾ?"

ಅತ್ತೆ ನಿಚ್ಚಣಿಕೆ ಇಳಿಸಿಕೊಂಡು, ನಾವು ಬೇಡವೆನ್ನುವಷ್ಟರಲ್ಲಿ ಹಗೇವಿನೊಳಗೆ ಇಳಿದಳು. ಬಸ್ಸಿನ ಸೀಟಿನ ಮೇಲೆ ಟವೆಲ್ ಹಾಸದೆ ಕೂರದ ಹೆಂಗಸು ಮೊಳಕಾಲು ಮಟ ಆ ಕೆಸರಿನಲ್ಲಿ ನಿಂತು ಒಂದೊಂದೇ ಬಾಟಲಿ ಎತ್ತಿ ಮೇಲೆ ಕೊಟ್ಟಳು. ನಾನು ಬಾಯಿಯ ಹತ್ತಿರ ಕುಳಿತು ತೆಗೆದುಕೊಂಡು ಸಾಲಾಗಿ ಇಟ್ಟೆ. ಮೇಲಿನವು ಸ್ವಚ್ಛವಾಗಿದ್ದವು. ಕೆಸರು ಹತ್ತಿದವನ್ನು ನಾನು ಒರೆಸಿದೆ, ಒಳಗೆ ಅವೂ ಸ್ವಚ್ಛ. ಒಂದಕ್ಕೂ ಚೀಟಿ ಇಲ್ಲ, ಎಲ್ಲ ಕೆರೆದು ತೆಗೆದದ್ದು. ಒಂದಕ್ಕೂ ಮುಚ್ಚಳ ತಪ್ಪಿಲ್ಲ. ಹುಣಸೆಹಣ್ಣು, ಬೂದಿ ಹಾಕಿ ತಿಕ್ಕಿದ ಗಾಜಿನ ಹೊಳಪು ಯಾವುದು ಎಂದು ನನ್ನ ಕೈಗಿಂತ ಚೆನ್ನಾಗಿ ಬೇರೆ ಯಾರಿಗೆ ಗೊತ್ತಿರಬೇಕು.

ಸಾಲು ಲಿಂಬಿ ಗಿಡ ಮುಟ್ಟಿ ತಿರುಗಿ ಬಂತು. ಆಗ ಅತ್ತೆ ಮೇಲೆ ಬಂದಳು. ಸೀರೆಗೆಲ್ಲ ಕೆಸರು, ಕೈ ಮೊಳಕೈಯವರೆಗೆ ಕರಿ. ಒಂದು ಬಾಟಲಿಯನ್ನು ಎತ್ತಿ ಬಿಸಿಲಿಗೆ ಹಿಡಿದಳು.

"ನೋಡಬೇ ತಂಗೆವ್ವಾ," ಎಂದಳು. "ಕುಡದಾವ್ರು ಬ್ಯಾರೆ. ನಾ ತೊಳದ ಒಗದೇನಿ."

ಕುಡಿದವರು ಯಾರು ಎಂದು ಕೇಳುವ ಅಗತ್ಯ ಇರಲಿಲ್ಲ, ಆ ಮನೆಯಲ್ಲಿದ್ದ ಗಂಡಸರು ಇಬ್ಬರೇ. ಇಷ್ಟು ವರ್ಷದ ಬಾಟಲಿಗೆ ನಿಂಗರಾಜನ ವಯಸ್ಸು ಸಾಲುತ್ತಿರಲಿಲ್ಲ. ಅವನು ನೆಲ ನೋಡುತ್ತ ನಿಂತಿದ್ದ. ಮಾವನವರು ಹೆಗಲ ಮೇಲಿನ ಟವೆಲ್ ಕೊಡವಿ ಬಾಗಿಲಿನ ಕಡೆ ಹೆಜ್ಜೆ ಇಟ್ಟರು.

"ಎಲ್ಲಿ ಹೊಂಟ್ರಿ," ಎಂದಳು ಅತ್ತೆ. ದನಿ ಏರಿಸಲಿಲ್ಲ. "ನೀಲಪ್ಪಾ, ಈ ಬಾಟ್ಲಿ ಪಾಯಾಕ್ಕ ಆಗತಾವೇನು?"

ನೀಲಪ್ಪ ಯೋಚಿಸಿದ. "ಇಡೀ ಹಾಕಿದ್ರ ಮತ್ತ ಟೊಳ್ಳರೀ ಅವ್ವಾರ. ಹೊಲಸೆಲ್ಲಾ ತಗದ ಮ್ಯಾಲ, ಪುಡಿ ಮಾಡಿ ಕಲ್ಲಿನ ಸಂದಿಗೆ ಹಾಕಿದ್ರ ಆಗತಾವು."

"ಹಂಗಾರ ಇವರಿಗೆ ದಿಮ್ಮಸ ಕೊಡು."

ಮಾವನವರು ಅಮೋಘಸಿದ್ದಪ್ಪನ ಮುಖ ನೋಡಿದರು, ಅವನಾದರೂ ಬೇಡವೆನ್ನುತ್ತಾನೆ ಎಂದು. ಅಮೋಘಸಿದ್ದಪ್ಪ ಬಾಟಲಿಯ ಸಾಲನ್ನು ನೋಡಿದ. "ಹಿಡಿ, ಕಾಡಪ್ಪಾ," ಎಂದ. "ಪಾಯಾ ಗಟ್ಟಿ ಇರಬೇಕ ಅಂತ ನೀನ ಹೇಳಿದ್ಯಲಾ."

ಬಾಟಲಿಗಳ ಮೇಲೆ ಗೋಣಿ ಚೀಲ ಹಾಸಿದರು, ಚೂರು ಸಿಡಿಯಬಾರದೆಂದು. ಇಸ್ತ್ರಿ ಧೋತರದ ನನ್ನ ಮಾವನವರು ದಿಮ್ಮಸ ಎತ್ತಿ ಬಡಿದರು. ಗೋಣಿಯ ಕೆಳಗೆ ಗಾಜು ನುರಿಯಿತು. ಬೆವರು ಇಳಿದು ಹಣೆಯ ವಿಭೂತಿ ಹುಬ್ಬಿಗೆ ಬಂತು, ಹುಬ್ಬಿನಿಂದ ಕಣ್ಣಿಗೆ ಬಂತು. ನೀಲಪ್ಪ ಪಕ್ಕದಲ್ಲಿ ನಿಂತು, "ಇಲ್ಲೆ ಇನ್ನೊಂದ ಸಲ ಬಡೀರಿ, ಸಾವಕಾರ್ರ," ಎಂದು ಜಾಗ ತೋರಿಸುತ್ತಿದ್ದ. ಹೆಂಗಸರು ಗೋಡೆಯ ಮೇಲೆ ಕೈಯಿಟ್ಟು ನೋಡಿದರು. ಮರುಕ ಬರಬೇಕಿತ್ತು ನನಗೆ, ಬರಲಿಲ್ಲ.

ಹೊಲಸನ್ನೆಲ್ಲ ಅತ್ತೆ, ನಾನು, ನಿಂಗರಾಜ ಸೇರಿ ತೆಗೆದು ತಿಪ್ಪೆಗೆ ಹಾಕಿದೆವು. ನಡುವೆ ನಾನು ಚಹಾ ಮಾಡಿದೆ. ನೀಲಪ್ಪನದನ್ನು ಮನೆಯ ಸ್ಟೀಲ್ ಕಪ್ಪಿಗೆ ಹಾಕಿ, ಅತ್ತೆಯ ಎದುರಿನಿಂದಲೇ ಬೇಕೆಂದು ಒಯ್ದೆ. ಅವಳು ಕಪ್ಪನ್ನು ನೋಡಿದಳು, ನನ್ನನ್ನು ನೋಡಿದಳು. "ಸಕ್ರಿ ಸರಿ ಹಾಕೀಯಿಲ್ಲ?" ಎಂದಳು. ಕುಡಿದ ಮೇಲೆ ಆ ಕಪ್ಪನ್ನು ಅವಳು ಬೂದಿ ಹಚ್ಚಿ ಮೂರು ಸಲ ತೊಳೆದಳು, ಅದನ್ನೂ ನಾನು ನೋಡಿದೆ. ಲಿಂಬಿ ಗಿಡದ ಗ್ಲಾಸನ್ನು ಅದೇ ದಿನ ನಾನೇ ಗೋಣಿಯ ಕೆಳಗೆ ತಳ್ಳಿದ್ದೆ. ಅವಳು ಅದನ್ನು ಹುಡುಕಲಿಲ್ಲ.

ಹಗೇವು ತುಂಬಿತು. ಕಲ್ಲು, ಗಾಜಿನ ಪುಡಿ, ಗರಸು, ನೀರು, ಬಡಿತ, ಮತ್ತೆ ಗರಸು. ಕೊನೆಯ ಪದರದ ಮೇಲೆ ದಿಮ್ಮಸ ಬಿದ್ದಾಗ ಸದ್ದು ತಿರುಗಿ ಬರಲಿಲ್ಲ. ಪರಸಿ ಹಾಸಿ ಹತ್ತು ವರ್ಷವಾಯಿತು, ಆ ನೆಲ ಒಂದು ಕೂದಲೆಳೆಯಷ್ಟೂ ಕುಳಿತಿಲ್ಲ. ಅತ್ತೆ ತೀರಿಕೊಂಡು ಎರಡು ವರ್ಷ, ಮಾವನವರು ಇನ್ನೂ ಇದ್ದಾರೆ.

ಕುಡಿಯುವುದನ್ನು ಅವರು ಬಿಟ್ಟರೇ ಎಂದು ಕೇಳುತ್ತಾರೆ. ಎಲ್ಲಿಯ ಮಾತು. ಹಗೇವು ತುಂಬಿದ ಮೇಲೆ ನಾಲ್ಕು ತಿಂಗಳು ಬಿಟ್ಟಂತೆ ಮಾಡಿ ಮತ್ತೆ ಹಿಡಿದರು. ಊರಿಗೆಲ್ಲ ತಿಳಿದ ಮೇಲೆ ಕೊಟ್ಟಿಗೆಯ ಮರೆ ಏಕೆ ಎಂದು, ಒಂದು ರಾತ್ರಿ ಮನೆ ಮುಂದಿನ ಕಟ್ಟೆಯ ಮೇಲೆ ಕುಳಿತೇ ಕುಡಿದು, ಖಾಲಿ ಬಾಟಲಿಯನ್ನು ಅಲ್ಲೇ ಗೋಡೆಗೆ ಇಟ್ಟು ಒಳಗೆ ಬಂದು ಮಲಗಿದರು. ಬೆಳಗ್ಗೆ ಅದು ಇರುವುದಿಲ್ಲ ಎಂಬ ಹಳೆಯ ಭರವಸೆ ಅವರಿಗೆ.

ಬೆಳಗ್ಗೆ ಅತ್ತೆ ಸಗಣಿ ಬುಟ್ಟಿ ಹಿಡಿದು ಕಟ್ಟೆಗೆ ಬಂದಳು. ಒಂದು ಉದುರಿದ ಎಲೆಯನ್ನು ಬಿಡದ ಹೆಂಗಸು, ಬಾಟಲಿಯನ್ನು ಮುಟ್ಟಲಿಲ್ಲ. ಅದರ ಸುತ್ತ ಸಾರಿಸಿದಳು, ಅದರ ಸುತ್ತ ರಂಗೋಲಿ ಹಾಕಿದಳು, ಎದ್ದು ಕೈ ತೊಳೆದುಕೊಂಡಳು. ಹಾಲಿನವರು, ಸಾಲೆಯ ಮಕ್ಕಳು, ಭಜನೆಯವರು ಎಲ್ಲ ಅದನ್ನು ನೋಡುತ್ತ ಹೋದರು. ಮರುದಿನವೂ ಹಾಗೇ ಮಾಡಿದಳು. ಮೂರನೆಯ ದಿನ ಮಾವನವರು ಹೊರಗೆ ಬಂದು, ಹಾದಿಯ ಎರಡೂ ಕಡೆ ನೋಡಿ, ಬಗ್ಗಿ, ಬಾಟಲಿಯನ್ನು ತಾವೇ ಎತ್ತಿಕೊಂಡರು. ಸಾರಿಸಿದ ಕಟ್ಟೆಯ ಮೇಲೆ ಅದರ ತಳದಷ್ಟು ಒಣ ನೆಲ ಉಳಿದಿತ್ತು. ಅತ್ತೆ ಒಳಗಿನಿಂದ ಬಂದು ಆ ಜಾಗಕ್ಕೆ ಸಗಣಿ ಬಳಿದಳು.